ಹಣ ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ

ಸ್ವಯಂಸೇವಾ ಸಂಸ್ಥೆಗಳು ಮೊದಲಿನಂತೆ ಸರ್ಕಾರದ ನೀತಿಯನ್ನು ಪ್ರಶ್ನಿಸುವುದಿಲ್ಲ, ಹೆದರಿವೆ ಎಂದು ಗೆಳೆಯರು ದೂರುತ್ತಾರೆ. ಹೆದರಿಕೆಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಈ ಕ್ಷೇತ್ರದಲ್ಲಿ ಬಹುಕಾಲ ದುಡಿದವನಾಗಿ ನಾನು ಮೊದಲು ನೋಡುವುದು ಜಮಾ-ಖರ್ಚಿನ ಪುಸ್ತಕವನ್ನು.

ಕಂಪನಿಯೊಂದರ ಸಿಎಸ್‌ಆರ್ ಹಣಕ್ಕೆ, ಅಂದರೆ ಅದು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣಕ್ಕೆ, ನಾವು ಒಮ್ಮೆ ಪ್ರಸ್ತಾವನೆ ಕೊಟ್ಟಿದ್ದೆವು. ಶಾಲೆಯ ಗೋಡೆಗೆ ಬಣ್ಣ, ಶೌಚಾಲಯ, ಕೊನೆಯಲ್ಲಿ ಶಿಕ್ಷಕರ ನೇಮಕಕ್ಕೆ ಒತ್ತಾಯಿಸಲು ಪೋಷಕರ ನಿಯೋಗ ಬೆಂಗಳೂರಿಗೆ ಹೋಗಿಬರುವ ಖರ್ಚು. ಅಧಿಕಾರಿ ಆ ಕೊನೆಯ ಸಾಲನ್ನು ಪೆನ್ಸಿಲ್‌ನಿಂದ ಹೊಡೆದು, ಬಣ್ಣದ ಮೊತ್ತವನ್ನು ಏರಿಸಿದರು. ನಗುನಗುತ್ತಲೇ. ಶೌಚಾಲಯವಾದರೆ ‘ಫಲಾನುಭವಿಗಳ ಸಂಖ್ಯೆ’ಯ ಕಾಲಂ ತುಂಬುತ್ತದೆ, ನಿಯೋಗಕ್ಕೆ ಅಲ್ಲಿ ಏನು ಬರೆಯುವುದು?

ಅವಧಿಯ ಮಾತೂ ಇದೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮಾಹಿತಿ ಹಕ್ಕಿಗಾಗಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕುಳಿತದ್ದು 1996ರಲ್ಲಿ, ದೇಶಕ್ಕೆ ಕಾಯ್ದೆ ಬಂದದ್ದು 2005ರಲ್ಲಿ. ಮೂರು ವರ್ಷದ ಅನುದಾನ ನಂಬಿದವರು ಅಷ್ಟು ದಿನ ಕಾಯುವುದುಂಟೆ? ಧರಣಿಗೆ ಹಳ್ಳಿಗರೇ ಧಾನ್ಯ ಒದಗಿಸಿದ್ದರು. ನಮ್ಮ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲೂ ಅಷ್ಟೇ. ಗೋಮಾಳ, ಕಾವಲುಗಳನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ, 1987ರ ನವೆಂಬರ್‌ನಲ್ಲಿ ಜನ ‘ಕಿತ್ತಿಕೊ-ಹಚ್ಚಿಕೊ’ ಎಂದು ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟರು. ಬೆನ್ನಿಗೆ ಎಸ್‌.ಆರ್‌. ಹಿರೇಮಠರ ‘ಸಮಾಜ ಪರಿವರ್ತನ ಸಮುದಾಯ’ ಸಂಘಟನೆಯಿತ್ತು, ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. 1991ರ ಹೊತ್ತಿಗೆ ಕಂಪನಿಯ ಕಥೆ ಮುಗಿಯಿತು. ದನ ಮೇಯುವ ಜಾಗ ಹೋದರೆ ಉರಿ ಯಾರಿಗೆ ತಟ್ಟುತ್ತದೋ ಅವರೇ ಮುಂದೆ ನಿಂತಿದ್ದರಿಂದ ಬೇಡಿಕೆಯಲ್ಲಿ ಗೊಂದಲವೇ ಇರಲಿಲ್ಲ.

ಇನ್ನು ವಿದೇಶಿ ದೇಣಿಗೆ. ಸಾರ್ವಜನಿಕ ಹಿತಕ್ಕಾಗಿ ಬಂದ್, ಹರತಾಳ ಬೆಂಬಲಿಸಿದ ಮಾತ್ರಕ್ಕೆ ಸಂಸ್ಥೆಯೊಂದು ರಾಜಕೀಯ ಸಂಸ್ಥೆಯಾಗದು, ಅದಕ್ಕೆ ವಿದೇಶಿ ದೇಣಿಗೆ ತಡೆಯಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಸಂಬಳ, ಬಾಡಿಗೆ, ಓಡಾಟ ಅದರೊಳಗೇ ಬರುವಾಗ, ಕಡತ ಓದಿ ಅರ್ಜಿ ಬರೆಯುವ ನೌಕರನನ್ನು ಯಾವ ಲೆಕ್ಕದಲ್ಲಿ ಇಟ್ಟುಕೊಳ್ಳುವುದು? ಇದಕ್ಕಿಂತ ದೊಡ್ಡ ಪೆಟ್ಟೆಂದರೆ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದೇ ನಿಷಿದ್ಧವಾಯಿತು. ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ಉಳಿದವು. ಅವರಿಂದ ಹಣ ಪಡೆದು ಪಡಿತರ ಯಾರಿಗೆ ಸಿಗಲಿಲ್ಲ, ಯಾರ ಪಹಣಿಯಲ್ಲಿ ಹೆಸರು ತಪ್ಪಿದೆ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದ ತಾಲ್ಲೂಕು ಮಟ್ಟದ ಗುಂಪುಗಳ ಕೈ ಬರಿದಾಯಿತು. ಹವಾನಿಯಂತ್ರಿತ ಸಭಾಂಗಣದ ವರದಿಗಳು ಇಂದು ಚೆಂದವಾಗಿವೆ, ಹೆಸರು-ಊರು ಮಾತ್ರ ಅವುಗಳಲ್ಲಿಲ್ಲ.

ವಿದೇಶಿ ಹಣ ನಿಂತದ್ದೇ ಒಳ್ಳೆಯದಾಯಿತು ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಜಾತ್ರೆಗೂ ಅನ್ನದಾನಕ್ಕೂ ಧಾರಾಳವಾಗಿ ಕೊಡುವ ನಾವು, ನಮ್ಮ ಊರಿನ ಗೋಮಾಳದ ದಾಖಲೆ ಹಿಡಿದು ತಹಶೀಲ್ದಾರ್ ಕಚೇರಿಗೆ ಅಲೆಯುವವನ ಬಸ್ ಚಾರ್ಜನ್ನಾದರೂ ಎಂದಾದರೂ ಕೊಟ್ಟಿದ್ದೇವೆಯೇ?