ಅರ್ಧ ಹೆಬ್ಬೆರಳು

ಹವಾಯಿಯ ಆ ಹಿರಿಯ ದನಗಾಹಿಯ ಬಲಗೈಯ ಹೆಬ್ಬೆರಳು ಅರ್ಧಕ್ಕೇ ನಿಂತಿತ್ತು. ಕೈ ಕುಲುಕಿದಾಗಲೇ ನನ್ನ ಗಮನಕ್ಕೆ ಬಂದದ್ದು. ಹಗ್ಗದ ಕುಣಿಕೆ ಹೋರಿಯ ಕೊಂಬಿಗೆ ಬಿದ್ದ ಮರುಕ್ಷಣವೇ ಈಚೆ ತುದಿಯನ್ನು ಕುದುರೆಯ ಜೀನಿನ ಮುಂದಿರುವ ಗೂಟಕ್ಕೆ ಎರಡು ಸುತ್ತು ಸುತ್ತಬೇಕು. ಅಷ್ಟರಲ್ಲಿ ಹೋರಿ ಅತ್ತ ಜಗ್ಗುತ್ತಿರುತ್ತದೆ, ಕುದುರೆ ಇತ್ತ ಕಾಲೂರಿ ನಿಂತಿರುತ್ತದೆ. ಹಗ್ಗಕ್ಕೂ ಗೂಟಕ್ಕೂ ನಡುವೆ ಬೆರಳು ಸಿಕ್ಕಿತೋ, ಹೋಯಿತೆಂದೇ ಲೆಕ್ಕ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೋಯಿತಂತೆ. ಈಗ ಅವರಿಗೆ ಎಪ್ಪತ್ತೊಂದು. ಇಂದಿಗೂ ಕುದುರೆ ಹತ್ತುತ್ತಾರೆ.

ಮಗಳು ಹೊನೊಲುಲುವಿನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದವನು ಹವಾಯಿಯ ಬಿಗ್ ಐಲ್ಯಾಂಡ್‌ನ ವೈಮಿಯಾ ಎಂಬ ಊರಿಗೂ ಹೋಗಿದ್ದೆ. ಎಲ್ಲರೂ ಕಡಲನ್ನೂ ಜ್ವಾಲಾಮುಖಿಯನ್ನೂ ನೋಡಲು ಹೋಗುವ ದ್ವೀಪ ಅದು. ಅಲ್ಲಿನ ಮೌನಾ ಕೇಆ ಬೆಟ್ಟದ ತಪ್ಪಲಿನಲ್ಲಿ ಮಂಜು ಕವಿದ ಹುಲ್ಲುಗಾವಲುಗಳಿವೆ, ತಲೆಮಾರುಗಳಿಂದ ದನ ಕಾಯುತ್ತ ಬಂದ ಮನೆತನಗಳಿವೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಈ ಹಿರಿಯರ ತಂದೆ, ಅಜ್ಜ, ಮುತ್ತಜ್ಜ ಎಲ್ಲರದೂ ಅದೇ ಕೆಲಸ. ಅಲ್ಲಿ ದನಗಾಹಿಗಳನ್ನು ಪನಿಯೊಲೊ ಎಂದು ಕರೆಯುತ್ತಾರೆ. ‘ಎಸ್ಪನ್ಯೋಲ್’, ಅಂದರೆ ಸ್ಪ್ಯಾನಿಷ್, ಎಂಬ ಮಾತು ಹವಾಯಿಯವರ ಬಾಯಲ್ಲಿ ಹಾಗಾಯಿತಂತೆ.

ಅದರ ಹಿಂದೊಂದು ಕಥೆ ಇದೆ. 1793ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ಹವಾಯಿಯ ದೊರೆ ಕಮೆಹಮೆಹಾನಿಗೆ ದನಗಳನ್ನು ಕಾಣಿಕೆಯಾಗಿ ಕೊಟ್ಟ. ಹತ್ತು ವರ್ಷ ಯಾರೂ ಅವುಗಳನ್ನು ಕೊಲ್ಲಬಾರದೆಂದು ದೊರೆ ಕಟ್ಟಳೆ ಮಾಡಿದ. ದನಗಳು ಬೆಳೆದು, ಕಾಡು ಸೇರಿ, ಜನರ ಬೆಳೆಗೆ ನುಗ್ಗತೊಡಗಿದವು. ಹಿಡಿಯಬಲ್ಲವರು ಇರಲಿಲ್ಲ. 1830ರ ದಶಕದಲ್ಲಿ ಮೂರನೆಯ ಕಮೆಹಮೆಹಾ, ಆಗ ಮೆಕ್ಸಿಕೊಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ಸ್ಪ್ಯಾನಿಷ್ ಮಾತಾಡುವ ದನಗಾಹಿಗಳನ್ನು ಕರೆಸಿದ. ಅವರಿಂದ ಹವಾಯಿಯವರು ಕಲಿತರು. ಕೌಬಾಯ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಟೆಕ್ಸಸ್ಸಿನ ದೊಡ್ಡ ಹಿಂಡುಗಳ ಕಾಲ ಶುರುವಾದದ್ದು ಇದಾಗಿ ಸುಮಾರು ಮೂವತ್ತು ವರ್ಷಗಳ ಮೇಲೆ.

1908ರಲ್ಲಿ ಇದೇ ವೈಮಿಯಾದ ಇಕುವಾ ಪರ್ಡಿ ಎಂಬ ದನಗಾಹಿ ಅಮೆರಿಕದ ವಯೋಮಿಂಗ್‌ನ ಶಾಯೆನ್‌ಗೆ ಪಂದ್ಯಕ್ಕೆ ಹೋಗಿ, ಎರವಲು ಕುದುರೆಯ ಮೇಲೆ ಕುಳಿತು, ಹೋರಿಯನ್ನು ಹಗ್ಗದಲ್ಲಿ ಹಿಡಿದು ಕೆಡವಿ ಕಾಲು ಕಟ್ಟಿದ್ದು 56 ಸೆಕೆಂಡುಗಳಲ್ಲಿ. ವಿಶ್ವ ಚಾಂಪಿಯನ್ ಪಟ್ಟ ಅವನದಾಯಿತು. ಜೊತೆಗೆ ಹೋಗಿದ್ದ ಆರ್ಚಿ ಕಆಉಆ ಮೂರನೆಯವನಾದ. ಟೋಪಿಗೆ ಹೂಮಾಲೆ ಸುತ್ತಿಕೊಂಡು ಬಂದ ಈ ದ್ವೀಪದವರನ್ನು ನೋಡಿ ಅಲ್ಲಿನ ಜನ ಎಷ್ಟು ಬೆರಗಾಗಿರಬೇಕು!

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಪಂದ್ಯಕ್ಕಿಂತ, ಹಿರಿಯರು ತಮ್ಮ ಅಜ್ಜನ ಕಾಲದ ಬಗ್ಗೆ ಹೇಳಿದ್ದು. ಕವೈಹೈ ಬಂದರಿನಲ್ಲಿ ಆಗ ಹಡಗು ದಡಕ್ಕೆ ಬರುತ್ತಿರಲಿಲ್ಲ. ಹಡಗಿಗೆ ದನ ಹತ್ತಿಸಲು ಒಂದೊಂದೇ ಹೋರಿಯನ್ನು ಹಗ್ಗದಲ್ಲಿ ಹಿಡಿದು, ಕುದುರೆಯ ಮೇಲೆ ಕುಳಿತೇ ಕಡಲಿಗೆ ಇಳಿಯಬೇಕು. ಕುದುರೆ ಈಜುತ್ತದೆ, ಹಿಂದೆ ಹೋರಿಯೂ ಈಜುತ್ತದೆ. ದೋಣಿಯ ಹತ್ತಿರ ಹೋಗಿ ಹೋರಿಯ ತಲೆಯನ್ನು ದೋಣಿಯ ಅಂಚಿಗೆ ಕಟ್ಟಬೇಕು. ಹಾಗೆ ಎರಡೂ ಬದಿಗೆ ಹೋರಿಗಳನ್ನು ಕಟ್ಟಿಕೊಂಡ ದೋಣಿ ಹಡಗಿನತ್ತ ಸಾಗುತ್ತದೆ. ಅಲ್ಲಿ ಹೊಟ್ಟೆಗೆ ಪಟ್ಟಿ ಹಾಕಿ ಮೇಲೆತ್ತುತ್ತಾರೆ. ಒದ್ದೆ ಬಟ್ಟೆಯಲ್ಲೇ ಮತ್ತೆ ದಡಕ್ಕೆ, ಮತ್ತೊಂದು ಹೋರಿ. ದಿನವಿಡೀ ಇದೇ.

ಇದನ್ನು ಕೇಳುತ್ತಾ ನನಗೆ ನಮ್ಮ ಶಾಲೆ ನೆನಪಾಯಿತು. ಲೆಕ್ಕ ತಪ್ಪಿದಾಗೆಲ್ಲ ಮೇಷ್ಟರು ‘ನೀನು ದನ ಕಾಯಲು ಹೋಗು’ ಎನ್ನುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನ ಅಪ್ಪ ನಿಜವಾಗಿಯೂ ಊರ ದನ ಕಾಯುತ್ತಿದ್ದರು. ಯಾವ ಹಸು ಇಂದು ರಾತ್ರಿ ಈಯುತ್ತದೆ, ಯಾವುದು ಮೇವು ಬಿಟ್ಟಿದೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಹುಡುಗ ತಲೆ ತಗ್ಗಿಸುತ್ತಿದ್ದ. ನಾವು ನಗುತ್ತಿದ್ದೆವು. ಆ ನಗು ಇಂದಿಗೂ ನನ್ನನ್ನು ಚುಚ್ಚುತ್ತದೆ. ಒಂದು ವಿದ್ಯೆಯನ್ನೇ ಬೈಗುಳ ಮಾಡಿಕೊಂಡವರು ನಾವು. ಅದನ್ನು ಬಿಡಬೇಕು. ಮಕ್ಕಳ ಮುಂದೆಯಂತೂ ಆ ಮಾತು ಆಡಲೇಬಾರದು.

ಈ ಹಿರಿಯರು ಐವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ನೆಲದಲ್ಲಿ ಅವರದೆನ್ನುವ ಗೇಣು ಜಾಗವಿಲ್ಲ. ಸಂಬಳದ ಆಳಾಗಿಯೇ ಬದುಕಿದವರು. ಹವಾಯಿಯಲ್ಲಿ ಮನೆ, ನೆಲದ ಬೆಲೆ ದುಡಿಯುವವರ ಕೈಗೆ ಎಟುಕುವುದಿಲ್ಲ. ಅಲ್ಲಿ ಹುಟ್ಟಿದ ಬಹುತೇಕ ಕರುಗಳನ್ನು ಹಾಲು ಬಿಡಿಸಿದ ಮೇಲೆ, ಮೇಯಿಸಿ ಕೊಬ್ಬಿಸಲು ಹಡಗಿನಲ್ಲಿ ಅಮೆರಿಕದ ಮುಖ್ಯ ಭೂಭಾಗಕ್ಕೆ ಸಾಗಿಸುತ್ತಾರೆ. ಮಕ್ಕಳೂ ಹಾಗೆಯೇ ಕಡಲು ದಾಟಿ ಹೋಗುತ್ತಿದ್ದಾರೆ ಎಂದು ಅವರು ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅವರ ಇಬ್ಬರು ಗಂಡುಮಕ್ಕಳೂ ಲಾಸ್ ವೇಗಸ್‌ನಲ್ಲಿದ್ದಾರೆ.

ಹೊರಡುವ ಮುನ್ನ ಮನೆಯ ಹಿಂದಿನ ದೊಡ್ಡಿಗೆ ಕರೆದೊಯ್ದರು. ಮಗಳ ಮಗಳು, ಹತ್ತು ವರ್ಷದವಳು, ಮರದ ಕುದುರೆಯ ಮೇಲೆ ಕುಳಿತು ಎದುರಿನ ಕಂಬಕ್ಕೆ ಕುಣಿಕೆ ಎಸೆಯುತ್ತಿದ್ದಳು. ಐದು ಸಲ ತಪ್ಪಿತು. ಅಜ್ಜ ಏನೂ ಹೇಳಲಿಲ್ಲ, ಅವಳ ಮೊಣಕೈಯನ್ನು ಒಂದಿಷ್ಟು ಮೇಲೆತ್ತಿದರು. ಆರನೆಯ ಸಲ ಕುಣಿಕೆ ಕಂಬದ ಮೇಲೆ ಕೂತಿತು. ಅವಳು ಸಡಗರದಿಂದ ಹಗ್ಗವನ್ನು ಗೂಟಕ್ಕೆ ಸುತ್ತಲು ಹೋದಳು. ಅವರು ಚಟ್ಟನೆ ಅವಳ ಕೈ ಹಿಡಿದು, ಆ ಪುಟ್ಟ ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ‘ಹೀಗೆ, ಯಾವಾಗಲೂ ಹೀಗೆಯೇ’ ಎಂದರು.