ಮೊದಲು ಕಾಲಿನ ಉದ್ದ ಗೊತ್ತಾಗಲಿ

ಇನ್ನು ಆರು ವರ್ಷಕ್ಕೆ ನಾನು ರಿಟೈರ್ ಆಗುತ್ತೇನೆ. ಕಳೆದ ವರ್ಷ ಮೊದಲ ಸಲ ಕೂತು ಸರಿಯಾಗಿ ಲೆಕ್ಕ ಹಾಕಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಬೆಲೆ ವರ್ಷಕ್ಕೆ ಶೇ 6ರಂತೆ ಏರುತ್ತಿದ್ದರೆ, ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಅಂದಾಜಿಸುವ ಸುಲಭ ಸೂತ್ರದಂತೆ 72ನ್ನು 6ರಿಂದ ಭಾಗಿಸಿ. ಹೆಚ್ಚುಕಮ್ಮಿ 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ, 24 ವರ್ಷಕ್ಕೆ ನಾಲ್ಕರಷ್ಟು. ಅಂದರೆ 60ಕ್ಕೆ ಕೆಲಸ ಬಿಟ್ಟವರು 84ರಲ್ಲಿ ಅದೇ ಸಂಸಾರವನ್ನು ನಾಲ್ಕು ಪಟ್ಟು ದುಡ್ಡಿನಲ್ಲಿ ನಡೆಸಬೇಕು. ನಾನು ಹೆದರಿದೆ. ಹೆದರಿ, ನಿವೃತ್ತಿಗೆ ಇಷ್ಟು ಕೂಡಿಡಬೇಕು ಅನ್ನುವ ಗುರಿಯನ್ನು ಏರಿಸಿದೆ. ಮುಂದಿನ ವಾರ ಮತ್ತೆ ಏರಿಸಿದೆ. ಎಷ್ಟಿದ್ದರೂ ಸಾಲದು ಅನ್ನಿಸುತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೇಳುತ್ತಲೇ ಬೆಳೆದವರು ನಾವು. ಆದರೆ ನಿವೃತ್ತಿಯ ಹಾಸಿಗೆಯನ್ನು ನಾವೇ ಹೊಲಿದುಕೊಳ್ಳಬೇಕು. ಹಾಗಾದರೆ ಮೊದಲು ಕಾಲಿನ ಉದ್ದ ಗೊತ್ತಿರಬೇಕು, ಅಲ್ವಾ? ನನಗೆ ಗೊತ್ತಿಲ್ಲದೇ ಇದ್ದದ್ದು ಅದೇ.

ನಮ್ಮ ಮನೆಯಲ್ಲಿ ಖರ್ಚು ಬರೆಯುವ ಪುಸ್ತಕ ಮೊದಲಿಂದಲೂ ಇದೆ. ಎಡಗಡೆ ಪುಟದಲ್ಲಿ ಖರ್ಚು. ಬಲಗಡೆ ಖಾಲಿ ಇರುತ್ತಿತ್ತು. ಅಲ್ಲಿ ವಾರಕ್ಕೊಮ್ಮೆ, ಯಾವುದರಿಂದ, ಯಾರಿಂದ ಒಳ್ಳೆಯದಾಯಿತು ಅಂತ ಬರೆಯತೊಡಗಿದೆ. ಇದು ನಾನೇ ಕಂಡುಹಿಡಿದದ್ದಲ್ಲ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಹೀಗೇ ಬರೆಯಲು ಹೇಳಿದ್ದರು. ಕಿರಿಕಿರಿಗಳ ಪಟ್ಟಿ ಮಾಡಿದವರಿಗಿಂತ ಇವರಿಗೆ ತಮ್ಮ ಬದುಕು ಚೆನ್ನಾಗಿದೆ ಅನ್ನಿಸಿತ್ತು.

ಆರು ತಿಂಗಳಾದ ಮೇಲೆ ಎರಡೂ ಕಡೆಯನ್ನು ಒಟ್ಟಿಗೆ ಓದಿದೆ. ಬಲಗಡೆ ಮತ್ತೆ ಮತ್ತೆ ಬಂದದ್ದು ಬೆಳಗಿನ ನಡಿಗೆ, ತಂಗಿಯ ಫೋನ್, ನಮ್ಮೆಜಮಾನ್ರು ಮತ್ತು ನಾನು ಮಾತಿಲ್ಲದೆ ಕೂತ ಸಂಜೆಗಳು. ಹೊಸ ಫೋನ್ ಕೊಂಡದ್ದು ಒಂದು ಸಲವೂ ಇಲ್ಲ. ಕಾರು ಬದಲಾಯಿಸಿದ್ದು ಒಂದೇ ವಾರ.

ಒಳ್ಳೆಯದೆಲ್ಲ ಬಿಟ್ಟಿಯಾಗಿ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಸತತ ನಾಲ್ಕು ವಾರ ಬಲಗಡೆ ಇದೆ. ಕಣ್ಣು ತಿಳಿಯಾದ ಮೇಲೆ ಅವರು ಮೊದಲು ನನ್ನ ಮುಖ ನೋಡಿ, "ನಿನಗೂ ಇಷ್ಟು ಕೂದಲು ಬೆಳ್ಳಗಾಗಿದೆಯಾ!" ಅಂದರು. ಆ ಮಾತನ್ನೂ ಬರೆದಿಟ್ಟಿದ್ದೇನೆ. ಹಾಗಾಗಿ ಆರೋಗ್ಯಕ್ಕೆ ಅಂತ ತೆಗೆದಿಡುವ ಪಾಲನ್ನು ಜಾಸ್ತಿ ಮಾಡಿದೆ. ತಂಗಿಯನ್ನು ನೋಡಿ ಬರುವ ಪ್ರಯಾಣಕ್ಕೂ ಸೇರಿಸಿದೆ. ಬೇರೆ ಕಡೆ ಧೈರ್ಯವಾಗಿ ಕಡಿಮೆ ಮಾಡಿದೆ.

ಈ ಹೆಚ್ಚುಕಡಿಮೆ ಸಣ್ಣದಲ್ಲ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ತಮ್ಮ ದೇಶದ ಹಳೆಯ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದ್ದರು. ಮೊದಲ ವರ್ಷ ಉಳಿತಾಯದ ಶೇ 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತ ಹೋದರೆ ದುಡ್ಡು 30 ವರ್ಷ ಬರುತ್ತದೆ ಅಂತ. ಎಲ್ಲ ದೇಶಕ್ಕೂ ಇದೇ ಹೊಂದುವುದಿಲ್ಲ, ಒಂದು ಅಂದಾಜಿಗೆ ಸಾಕು. ಹಾಗೆ ನೋಡಿದರೆ, ವರ್ಷದ ಖರ್ಚು ಉಳಿತಾಯದ ಶೇ 4ರಷ್ಟೇ ಆಗಬೇಕಾದರೆ, ಅದರ 25 ಪಟ್ಟು ಕೂಡಿಡಬೇಕು. ವರ್ಷದ ಖರ್ಚಿನಲ್ಲಿ ಒಂದು ಪಾಲು ಬೇಡವಾದರೆ, ಕೂಡಿಡುವುದರಲ್ಲಿ 25 ಪಾಲು ಬೇಡ.

ಇದ್ದದ್ದನ್ನೇ ನೆನೆಯುತ್ತ ಕೂತರೆ ಉಳಿಸುವ ಛಲ ಹೋಗುತ್ತದೆ ಅಂತ ಗೆಳತಿಯೊಬ್ಬಳು ವಾದಿಸಿದಳು. ನಾನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ಡೇವಿಡ್ ಡಿಸ್ಟೆನೊ ಮತ್ತು ಜೊತೆಗಾರರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಈಗಲೇ ಸ್ವಲ್ಪ ಹಣ ಬೇಕೋ, ಕಾದು ಹೆಚ್ಚು ತೆಗೆದುಕೊಳ್ಳುತ್ತೀರೋ ಅಂತ ಜನರನ್ನು ಕೇಳಿದರು. ಯಾರದೋ ಉಪಕಾರ ನೆನೆಸಿಕೊಂಡು ಬರೆದವರು ಕಾಯಲು ಹೆಚ್ಚು ತಯಾರಿದ್ದರು. ಸುಮ್ನೆ ಖುಷಿಯ ಸಂಗತಿ ಬರೆದವರಲ್ಲಿ ಆ ತಾಳ್ಮೆ ಬರಲಿಲ್ಲ. ಉಳಿತಾಯ ಅಂದರೆ ಕಾಯುವುದೇ ಅಲ್ವಾ?

ಆದರೆ ತಿಂಗಳ ಸಂಬಳ ತಿಂಗಳಿಗೇ ಸಾಲದವರ ಮುಂದೆ ದಯವಿಟ್ಟು ಈ ಮಾತು ಆಡಬೇಡಿ. ಅವರಿಗೆ ಬೇಕಾಗಿರುವುದು ನ್ಯಾಯವಾದ ಕೂಲಿ, ಪಿಂಚಣಿ. ಕೃತಜ್ಞತೆಯ ಪಾಠ ಅಲ್ಲ.

ಬಲಗಡೆ ಪುಟದಲ್ಲಿ ಒಬ್ಬರ ಹೆಸರು ತುಂಬ ತಡವಾಗಿ ಬಂತು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಪಕ್ಕದಲ್ಲಿ ಕೂರಿಸಿಕೊಂಡು ಉಳಿತಾಯದ ಫಾರ್ಮ್ ತುಂಬಿಸಿದ ಹಿರಿಯ ಸಹೋದ್ಯೋಗಿ. ಇವತ್ತು ನನ್ನ ಹತ್ತಿರ ಇರುವುದರಲ್ಲಿ ದೊಡ್ಡ ಪಾಲು ಆ ಒಂದು ಮಧ್ಯಾಹ್ನದಿಂದ ಬೆಳೆದದ್ದು. ಹೋದ ವಾರ ನಂಬರ್ ಹುಡುಕಿ ಫೋನ್ ಮಾಡಿದೆ. ಅವರಿಗೆ ಅದು ನೆನಪೇ ಇರಲಿಲ್ಲ. "ಹೌದೇನಮ್ಮಾ, ನಾನಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.