ಒಬ್ಬರೇ ಒಂದು ಸರ್ವಪಕ್ಷ ಸಭೆ

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಸಂಸದ ಕ್ರಿಸ್ ಡಾಂಟ್ರಮಾಂ 2025ರ ನವೆಂಬರಿನಲ್ಲಿ, ಬಜೆಟ್ ಮಂಡನೆಯಾದ ದಿನವೇ ಕನ್ಸರ್ವೇಟಿವ್ ಬೆಂಚು ಬಿಟ್ಟು ಲಿಬರಲ್ ಬೆಂಚಿಗೆ ಹಾರಿದರು. ಅಬ್ಬಬ್ಬಾ, ಅದೇನು ರಂಪ! ಪ್ರಾಂತ್ಯದಲ್ಲಿ ಆರೋಗ್ಯ ಸಚಿವರಾಗಿದ್ದವರು, ರಾಜಧಾನಿ ಒಟ್ಟಾವದ ಸಂಸತ್ತಿನಲ್ಲಿ ಉಪ ಸ್ಪೀಕರ್ ಆಗಿದ್ದವರು. ಪಾಪ, ಇಷ್ಟೆಲ್ಲ ಅನುಭವವಿದ್ದೂ ಹಾರುವ ಕಲೆ ಮಾತ್ರ ಒಲಿದಿರಲಿಲ್ಲ. ಪಕ್ಷ ಬದಲಿಸಿ ಪಳಗಿದ ಹಿರಿಯ ರಾಜಕಾರಣಿ ಬಾಬ್ ರೇ ಅವರಿಗೆ ಒಂದು ಫೋನ್ ಮಾಡಿ ಕೇಳಬಾರದಿತ್ತೇ?

ರೇ ಅವರು ಹಾರಲಿಲ್ಲ, ನಡೆದುಕೊಂಡೇ ಹೋದರು. ಎಡಪಂಥದ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಬಿಟ್ಟರು. ವಕೀಲಿಕೆ ಮಾಡಿದರು, ಸಮಿತಿಗಳಲ್ಲಿ ಕೂತರು, ವರದಿ ಬರೆದರು. (ಕನಿಷ್ಕ ವಿಮಾನ ಸ್ಫೋಟದ ಬಗ್ಗೆ 2005ರಲ್ಲಿ ಕೊಟ್ಟ ವರದಿಯನ್ನು ನಾನು ಗೇಲಿ ಮಾಡಲಾರೆ, ಅದು ಆಗಬೇಕಿದ್ದ ಕೆಲಸ.) ಜನ ‘ಹಿರಿಯರು’ ಎನ್ನಲು ಶುರು ಮಾಡಿದ ಮೇಲೆ, 2006ರಲ್ಲಿ ಲಿಬರಲ್ ಪಕ್ಷ ಸೇರಿದರು. ಸೇರಿದ ವರ್ಷವೇ ಅದರ ನಾಯಕನಾಗಲು ಸ್ಪರ್ಧಿಸಿದರು! ಮನೆಗೆ ಬಂದ ನೆಂಟ ಚಪ್ಪಲಿ ಬಿಡುವ ಮೊದಲೇ ಬೀರುವಿನ ಬೀಗದಕೈ ಕೇಳಿದ ಹಾಗೆ.

ಈ ಮಹಾನುಭಾವರ ಮೊದಲ ಪವಾಡ 1979ರದು. ಪ್ರಧಾನಿ ಜೋ ಕ್ಲಾರ್ಕ್ ಸರ್ಕಾರ ಬಂದು ಏಳು ತಿಂಗಳೂ ತುಂಬಿರಲಿಲ್ಲ. ಚುನಾವಣೆಯಲ್ಲಿ ಕೊಟ್ಟ ಮಾತಿಗೆ ಈ ಸರ್ಕಾರ ದ್ರೋಹ ಬಗೆದಿದೆ ಎಂದು ಎನ್‌ಡಿಪಿಯ ಯುವ ಸಂಸದ ರೇ ಬಜೆಟ್ ಮೇಲೆ ಖಂಡನೆ ಮಂಡಿಸಿದರು. 139ಕ್ಕೆ 133, ಸರ್ಕಾರ ಬಿತ್ತು. ಮರುಚುನಾವಣೆಯಲ್ಲಿ ಲಿಬರಲ್ ನಾಯಕ ಪಿಯರ್ ಟ್ರುಡೊ ಪ್ರಧಾನಿ ಕುರ್ಚಿಗೆ ಮರಳಿದರು. ಆ ಕುರ್ಚಿಯಲ್ಲಿ ಮುಂದೆ ಕೂತ ಮಗ ಜಸ್ಟಿನ್ 2020ರಲ್ಲಿ ರೇ ಅವರನ್ನು ವಿಶ್ವಸಂಸ್ಥೆಗೆ ರಾಯಭಾರಿಯಾಗಿ ಕಳಿಸಿದರು. ಕೆನಡಾದಲ್ಲಿ ಋಣ ಎಂಬುದು ಇಲ್ಲ ಅಂದವರು ಯಾರು?

ಕೊಟ್ಟ ಮಾತಿನ ವಿಷಯಕ್ಕೆ ಬರೋಣ. 1990ರಲ್ಲಿ ಒಂಟಾರಿಯೊ ಪ್ರಾಂತ್ಯ ರೇ ನಾಯಕತ್ವದ ಎನ್‌ಡಿಪಿಗೆ 130ರಲ್ಲಿ 74 ಸೀಟು ಕೊಟ್ಟು ಅವರನ್ನು ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಮಾಡಿತು. ವಾಹನ ವಿಮೆಯನ್ನು ಸರ್ಕಾರವೇ ನಡೆಸುತ್ತದೆ ಎಂದಿದ್ದರು. ಮರುವರ್ಷವೇ ಅದು ಕಪಾಟು ಸೇರಿತು. ವಿಮೆ ಹೋದರೇನು, 1994ರಲ್ಲಿ ವಿಂಡ್ಸರ್‌ನಲ್ಲಿ ಪ್ರಾಂತ್ಯದ ಮೊದಲ ಕ್ಯಾಸಿನೊ ಬಂತಲ್ಲ! ಸಮಾಜವಾದಿಗಳ ಕೈಯಿಂದ ಉದ್ಘಾಟನೆಯಾದ ಜೂಜುಕಟ್ಟೆ. ಅದಕ್ಕೆ ತಾತ್ಕಾಲಿಕ ಜಾಗ ಬೇಕಿತ್ತು. ಊರಿನ ಕಲಾ ಗ್ಯಾಲರಿಯ ಕಟ್ಟಡವನ್ನೇ ಕೊಟ್ಟರು. ಗ್ಯಾಲರಿ ಎಲ್ಲಿಗೆ ಹೋಯಿತು? ಶಾಪಿಂಗ್ ಮಾಲಿಗೆ. ಚಿತ್ರಪಟಗಳು ಮಾಲಿನಲ್ಲಿ, ಸ್ಲಾಟ್ ಮಷೀನುಗಳು ಗ್ಯಾಲರಿಯಲ್ಲಿ. ನದಿಯಾಚೆ ಅಮೆರಿಕದ ಡೆಟ್ರಾಯಿಟ್‌ನವರು ಜೇಬು ತುಂಬಿಕೊಂಡು ಬಂದು ಬರಿದು ಮಾಡಿಕೊಂಡು ಹೋಗುತ್ತಿದ್ದರು. ಸಂಪತ್ತಿನ ಮರುಹಂಚಿಕೆ ಅಂದರೆ ಇದೇ ಇರಬೇಕು, ನಾವೇ ತಪ್ಪು ತಿಳಿದಿದ್ದೆವು.

1993ರದು ಮಾತ್ರ ನಗುವ ಸಂಗತಿಯಲ್ಲ. ಕೊರತೆ ಕೈಮೀರಿತ್ತು, ಆರ್ಥಿಕ ಹಿಂಜರಿತ ನಿಜವಾಗಿಯೂ ಕೆಟ್ಟದಾಗಿತ್ತು, ಒಪ್ಪುತ್ತೇನೆ. ಆದರೆ ಕೈಹಾಕಿದ್ದು ಎಲ್ಲಿಗೆ? ಕಾರ್ಮಿಕ ಸಂಘಗಳು ಸಹಿ ಹಾಕಿಸಿಕೊಂಡಿದ್ದ ಒಪ್ಪಂದಗಳನ್ನು ಕಾನೂನು ತಂದು ಪಕ್ಕಕ್ಕೆ ತಳ್ಳಿದರು. ಸರ್ಕಾರಿ ವಲಯದಲ್ಲಿ 30 ಸಾವಿರ ಡಾಲರಿಗಿಂತ ಹೆಚ್ಚು ಸಂಬಳದವರಿಗೆ ವರ್ಷಕ್ಕೆ 12 ದಿನದವರೆಗೂ ಸಂಬಳವಿಲ್ಲದ ರಜೆ. ಜನ ಅದಕ್ಕೆ ‘ರೇ ಡೇಸ್’ ಎಂದೇ ನಾಮಕರಣ ಮಾಡಿದರು. ಬಾಗಿಲು ಬಾಗಿಲು ತಟ್ಟಿ, ಈತ ನಮ್ಮವನು ಎಂದು ಓಟು ಕೇಳಿದ್ದ ಕಾರ್ಮಿಕರ ಸಂಬಳವೇ ಅದು. ಬೇರೆ ಯಾರಾದರೂ ಕಡಿದಿದ್ದರೆ ಬೀದಿಗಿಳಿದು ಬೈಯಬಹುದಿತ್ತು; ನಮ್ಮವನೇ ಕಡಿದರೆ ಯಾರ ಮನೆ ಮುಂದೆ ಧರಣಿ ಕೂರುವುದು? 1995ರಲ್ಲಿ ಪಕ್ಷ 17 ಸೀಟಿಗೆ ಇಳಿಯಿತು, ಕನ್ಸರ್ವೇಟಿವ್ ನಾಯಕ ಮೈಕ್ ಹ್ಯಾರಿಸ್ ಪ್ರೀಮಿಯರ್ ಆಗಿ ಬಂದು ಬಡವರ ಸಹಾಯಧನವನ್ನೂ ಕತ್ತರಿಸಿದರು. ಇಷ್ಟೆಲ್ಲ ಆದಮೇಲೂ ನಾಯಕರಿಗೆ ಇನ್ನೊಂದು ಪಕ್ಷ ಸಿಗುತ್ತದೆ. ನರ್ಸಮ್ಮನಿಗೆ, ಮೇಷ್ಟರಿಗೆ ಇನ್ನೊಂದು ಸಂಬಳ ಎಲ್ಲಿಂದ ಬರಬೇಕು?

ಇರಲಿ. 2011ರ ಸಂಸತ್ ಚುನಾವಣೆಯಲ್ಲಿ ಲಿಬರಲ್ಲರು 34 ಸೀಟಿಗೆ ಕುಸಿದು ಮೂರನೇ ಸ್ಥಾನಕ್ಕೆ ಬಿದ್ದಾಗ ರೇ ಅವರಿಗೆ ಕೊನೆಗೂ ನಾಯಕತ್ವ ದಕ್ಕಿತು, ಅದೂ ಹಂಗಾಮಿ. ಅದೇ ಚುನಾವಣೆಯಲ್ಲಿ 103 ಸೀಟು ಗೆದ್ದು ಇತಿಹಾಸದಲ್ಲೇ ಮೊದಲ ಬಾರಿಗೆ ಅಧಿಕೃತ ವಿರೋಧ ಪಕ್ಷವಾಗಿ ಅವರಿಗಿಂತ ಮೇಲೆ ಕೂತದ್ದು ಯಾವುದು ಗೊತ್ತೇ? ಎನ್‌ಡಿಪಿ.